ಶಾಲೆಗೆ ಕವಿಯ ಹೆಸರು: ಯಾಕೆ, ಯಾರದು, ಹೇಗೆ?



ನಮ್ಮ ಯಮಕನಮರಡಿ, ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದಲ್ಲಿ ಶಾಲೆ ಕಟ್ಟಲು ಸಮಿತಿ ಕೂಡಿತೆಂದರೆ ಜಾಗದ ವಿಷಯ ಒಂದು ಸಭೆಯಲ್ಲಿ ಮುಗಿಯುತ್ತದೆ, ಕಟ್ಟಡದ ವಿಷಯ ಎರಡು ಸಭೆಯಲ್ಲಿ ಮುಗಿಯುತ್ತದೆ, ಹೆಸರಿನ ವಿಷಯ ಮಾತ್ರ ಐದು ಸಭೆಯಾದರೂ ಮುಗಿಯುವುದಿಲ್ಲ. ನಾನು ವ್ಯಾಪಾರಸ್ಥ. ಸಮಾಜದ ಕೆಲಸಕ್ಕೆ ಕರೆದಾಗ ಹೋಗಿ ಜಮಖಾನೆ ಹಾಸಿ, ಪಾವತಿ ಬರೆದು ಬರುವವನು. ಇಂಥ ಸಭೆಗಳನ್ನು ಸಾಕಷ್ಟು ನೋಡಿದ್ದೇನೆ. ಒಂದು ಸಭೆಯಲ್ಲಿ ನಿವೃತ್ತ ಮಾಸ್ತರರೊಬ್ಬರು ಹೊಸ ಶಾಲೆಗೆ ರನ್ನನ ಹೆಸರು ಇಡೋಣ ಎಂದರು. ಪಕ್ಕದಲ್ಲಿದ್ದ ಹಿರಿಯರು ಕನ್ನಡಕ ತೆಗೆದು ಕೇಳಿದರು: "ಮಾಸ್ತರ್ರ, ರನ್ನ ಎಷ್ಟ್ ಕೊಟ್ಟಾನ್ರಿ?"

ಎಲ್ಲರೂ ನಕ್ಕರು. ಮಾಸ್ತರರೂ ನಕ್ಕು ಸುಮ್ಮನಾದರು. ಆ ಶಾಲೆಗೆ ಕೊನೆಗೆ ದಾನಿಗಳ ಹೆಸರೇ ಬಂತು. ಆದರೆ ಹಿರಿಯರು ಕೇಳಿದ್ದು ಸರಿಯಾದ ಪ್ರಶ್ನೆ, ಲೆಕ್ಕದ ಪ್ರಶ್ನೆ. ಅದಕ್ಕೆ ಭಾವನೆಯ ಮಾತಿನಿಂದ ಉತ್ತರ ಕೊಟ್ಟರೆ ವ್ಯಾಪಾರಸ್ಥರ ಸಭೆಯಲ್ಲಿ ನಡೆಯುವುದಿಲ್ಲ. ಲೆಕ್ಕದಲ್ಲೇ ಉತ್ತರ ಕೊಡಬೇಕು.

ದಾನಿಗಳ ಹೆಸರಿನ ಗೌರವ

ಮೊದಲು ದಾನಿಗಳ ಪರವಾಗಿ ಹೇಳುತ್ತೇನೆ. ನಮ್ಮ ಜಿಲ್ಲೆಯ ಶಿಕ್ಷಣ ನಿಂತಿರುವುದೇ ಅವರ ಮೇಲೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಹಿರಿಯರು ಆರಂಭಿಸಿದ ಕೆ.ಎಲ್.ಇ. ಸಂಸ್ಥೆಯನ್ನು ನೋಡಿರಿ. ಅದರ ಲಿಂಗರಾಜ ಕಾಲೇಜಿಗೆ ಶಿರಸಂಗಿ ದೇಸಾಯರ ಹೆಸರು, ರಾಜಾ ಲಖಮಗೌಡ ವಿಜ್ಞಾನ ಮಹಾವಿದ್ಯಾಲಯಕ್ಕೆ ನಮ್ಮ ನೆರೆಯ ವಂಟಮುರಿ ದೇಸಾಯರ ಹೆಸರು. ನಾವು ದಿನವೂ ನೀರು ಕುಡಿಯುವ ಹಿಡಕಲ್ ಜಲಾಶಯಕ್ಕೂ ರಾಜಾ ಲಖಮಗೌಡರ ಹೆಸರೇ ಇದೆ. ಇಂಥವರು ಕೈ ಬಿಚ್ಚದಿದ್ದರೆ ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮಂದಿ ಮ್ಯಾಟ್ರಿಕ್ ಮುಖ ನೋಡುತ್ತಿರಲಿಲ್ಲ.

ನಮ್ಮ ಸಮಾಜದಲ್ಲಂತೂ ದಾನಕ್ಕೂ ಹೆಸರಿಗೂ ಹತ್ತಿರದ ನಂಟು. ಪಂಚಕಲ್ಯಾಣದಲ್ಲಿ ಸವಾಲು ಕೂಗುತ್ತಾರೆ, ಹೆಚ್ಚು ಹಿಡಿದವರಿಗೆ ಮಾನ. ಆ ರೂಢಿಯಿಂದಲೇ ಬಸದಿಗಳ ಜೀರ್ಣೋದ್ಧಾರ ಆಗಿದೆ, ತ್ಯಾಗಿನಿವಾಸಗಳು ಎದ್ದಿವೆ. ಸಭಾಭವನಕ್ಕೆ, ಭೋಜನಶಾಲೆಗೆ, ಕೊಳವೆಬಾವಿಗೆ ದಾನಿಗಳ ಹೆಸರು ಹಾಕುವುದು ಯೋಗ್ಯವೇ. ಊಟ ಮಾಡುವವರು, ನೀರು ತುಂಬುವವರು ಆ ಹೆಸರು ಓದಿ ಒಂದು ಕ್ಷಣ ನೆನೆಯುತ್ತಾರೆ. ಅಲ್ಲಿಗೆ ಹೆಸರಿನ ಕೆಲಸ ಮುಗಿಯಿತು.

ಶಾಲೆಯ ವಿಷಯ ಬೇರೆ. ಮಗು ಆರನೇ ವಯಸ್ಸಿಗೆ ಬಂದು ಹದಿನಾರನೇ ವಯಸ್ಸಿನ ತನಕ ಆ ಹೆಸರಿನ ಕೆಳಗೆ ಕೂಡುತ್ತದೆ. ಪ್ರತಿ ನೋಟುಬುಕ್ಕಿನ ಮೇಲೆ ಆ ಹೆಸರು ಬರೆಯುತ್ತದೆ. ಶಾಲೆ ಬಿಟ್ಟ ಮೇಲೂ ಎಲ್.ಸಿ. ಮೇಲೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಮೇಲೆ ಅದು ಜೀವನಪೂರ್ತಿ ಉಳಿಯುತ್ತದೆ. ಹತ್ತು ವರ್ಷದಲ್ಲಿ ಒಂದು ದಿನವಾದರೂ ಮಗು ಕೇಳಿಯೇ ಕೇಳುತ್ತದೆ, "ಸರ್, ಇವರು ಯಾರ್ರಿ?" ದಾನಿಗಳಾದರೆ ಗುರುಗಳು ಹೇಳುತ್ತಾರೆ: ಇವರು ಒಳ್ಳೆಯ ಮನಸ್ಸಿನವರು, ನಮಗೆ ಎರಡು ಎಕರೆ ಕೊಟ್ಟರು. ಮಗು ಹೌದು ಎಂದು ಕೂಡುತ್ತದೆ. ಕವಿಯೋ ಕಾದಂಬರಿಕಾರರೋ ಆದರೆ ಗುರುಗಳು ಕಪಾಟು ತೆಗೆದು ಒಂದು ಪುಸ್ತಕ ಕೈಗೆ ಕೊಡಬಹುದು. ಶಾಲೆಯ ಹೆಸರು ಶಾಲೆಯ ಪಾಠವೇ ಆಗುವುದು ಹೀಗೆ. ಸಾಹಿತಿಗಳ ಹೆಸರು ಆರಿಸಲು ಇದೇ ಮೊದಲ ಕಾರಣ, ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಕರ್ಮವೀರ ಭಾವೂರಾವ ಪಾಟೀಲರು ನಮ್ಮ ಸಮಾಜದವರು, ಕುಂಭೋಜದಲ್ಲಿ ಹುಟ್ಟಿದವರು. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿ ಬಡ ಮಕ್ಕಳನ್ನು ಓದಿಸಿದರು. ಸಾತಾರಾದಲ್ಲಿ 1947ರಲ್ಲಿ ಆರಂಭಿಸಿದ ಕಾಲೇಜಿಗೆ ಛತ್ರಪತಿ ಶಿವಾಜಿ ಮಹಾರಾಜರ ಹೆಸರು ಇಟ್ಟರು. ಒಬ್ಬ ದೊಡ್ಡ ದಾನಿ ಆ ಹೆಸರು ತೆಗೆದು ತನ್ನದು ಹಾಕಿದರೆ ಭಾರಿ ಮೊತ್ತ ಕೊಡುವೆನೆಂದಾಗ ಭಾವೂರಾವರು ಒಪ್ಪಲಿಲ್ಲವೆಂದು ಆ ಭಾಗದ ಹಿರಿಯರು ಇಂದಿಗೂ ಹೇಳುತ್ತಾರೆ. ಶಿವಾಜಿ ಮಹಾರಾಜರು ಸಾಹಿತಿಯಲ್ಲ, ಆದರೆ ವಿಷಯ ಅದೇ. ದುಡ್ಡು ಬೇಕು, ಬಾಗಿಲ ಮೇಲಿನ ಹೆಸರು ಮಾತ್ರ ಮಾರಾಟಕ್ಕಿಲ್ಲ ಎಂದು ಹೇಳಲು ನಮ್ಮವರೇ ಒಬ್ಬರು ಧೈರ್ಯ ಮಾಡಿದ್ದರು.

ರನ್ನ ಎಷ್ಟು ಕೊಟ್ಟ?

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ.

ರನ್ನ ದೂರದವನಲ್ಲ. ನಮ್ಮ ಘಟಪ್ರಭೆ ಗೋಕಾಕ ದಾಟಿ ಕೆಳಗೆ ಹರಿದು ಹೋಗುವ ಮುಧೋಳ ಸೀಮೆಯವನು. ಹುಟ್ಟಿದ್ದು 949ರಲ್ಲಿ. ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆ, ಮನೆತನ ಬಳೆಗಾರರದು. ಅಂದರೆ ಅವನು ನಮ್ಮ ಹಾಗೆಯೇ ಪೇಟೆಯ ಮನೆಯಿಂದ ಬಂದವನು. ಬಳೆ ಮಾರುವ ಮನೆಯ ಹುಡುಗ ಓದಬೇಕೆಂದು ಊರು ಬಿಟ್ಟು ಗಂಗರ ನಾಡಿಗೆ ಹೋದ. ಅಲ್ಲಿ ಅಜಿತಸೇನಾಚಾರ್ಯರು ಗುರುಗಳಾದರು, ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಆಶ್ರಯ ಸಿಕ್ಕಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ "ಕವಿರತ್ನ" ಎಂಬ ಬರಹ ಇಂದಿಗೂ ಇದೆ, ಅದು ಅವನದೇ ಎನ್ನುತ್ತಾರೆ. ಮುಂದೆ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಆದ. ಓದಿನಿಂದ ಹುಡುಗ ಎಲ್ಲಿಂದ ಎಲ್ಲಿಗೆ ಹೋಗಬಹುದು ಎಂದು ಹಳ್ಳಿಯ ಮಕ್ಕಳಿಗೆ ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಯಾವುದಿದೆ?

ಅವನು ಅಜಿತಪುರಾಣ ಬರೆದದ್ದು 993ರಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆಯ ಪ್ರೇರಣೆಯಿಂದ. ಅತ್ತಿಮಬ್ಬೆಯ ವಿಷಯ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಸಾವಿರದ ಐದುನೂರು ಜಿನಬಿಂಬ ಮಾಡಿಸಿದಳು. ಲಕ್ಕುಂಡಿಯಲ್ಲಿ 1007ರ ಬ್ರಹ್ಮಜಿನಾಲಯ ಅವಳದು. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ ಓಲೆಗರಿಯ ಮೇಲೆ ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರು, ಎಷ್ಟು ವರ್ಷದ ಕೂಲಿ ಎಂದು ನನ್ನ ವ್ಯಾಪಾರದ ಬುದ್ಧಿ ಲೆಕ್ಕ ಹಾಕಲು ಹೋಗಿ ಸೋಲುತ್ತದೆ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಇಲ್ಲಿ ಒಂದು ಸಂಗತಿ ಗಮನಿಸಿರಿ. ರನ್ನ ತನ್ನ ಮಗನಿಗೆ ರಾಯ ಎಂದು, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟ. ಚಾವುಂಡರಾಯ ಮತ್ತು ಅತ್ತಿಮಬ್ಬೆ, ಇಬ್ಬರೂ ಅವನ ಆಶ್ರಯದಾತರು. ದಾನಿಗಳ ಹೆಸರನ್ನು ಕವಿ ತನ್ನ ಮನೆಯೊಳಗೇ ಇಟ್ಟುಕೊಂಡ, ಕಾವ್ಯದಲ್ಲಿಯೂ ಇಟ್ಟ. ಲಕ್ಕುಂಡಿಯ ಶಾಸನ ನೋಡಲು ಊರಿಗೆ ಹೋಗಬೇಕು, ಆದರೆ ಅತ್ತಿಮಬ್ಬೆಯ ಕಥೆ ಮನೆಮನೆಗೆ ಬಂದದ್ದು ರನ್ನನ ಓಲೆಗರಿಯಿಂದ. ಹೀಗಾಗಿ "ಎಷ್ಟು ಕೊಟ್ಟ" ಎಂದರೆ, ದಾನಿಯ ಹೆಸರನ್ನು ಸಾವಿರ ವರ್ಷ ಬಾಳಿಸಿ ಕೊಟ್ಟ. ಯಾವ ಬ್ಯಾಂಕಿನ ಠೇವಣಿಯೂ ಅಷ್ಟು ವರ್ಷ ನಿಲ್ಲುವುದಿಲ್ಲ. ನಮ್ಮ ದಾನಿಗಳಿಗೆ ಇದನ್ನು ಬಿಡಿಸಿ ಹೇಳಿದರೆ ಅವರು ಬೇಡ ಎನ್ನುವವರಲ್ಲ. ಶಾಲೆಗೆ ಕವಿಯ ಹೆಸರು, ಕಟ್ಟಡಕ್ಕೋ ಗ್ರಂಥಾಲಯಕ್ಕೋ ದಾನಿಯ ಹೆಸರು ಎಂದರೆ ಇಬ್ಬರಿಗೂ ಜಾಗ ಇದೆ.

ಅಂದ ಹಾಗೆ, ರನ್ನನ ನಾಡಿನಲ್ಲಿ ಅವನ ಹೆಸರು ದಿನವೂ ಕಿವಿಗೆ ಬೀಳುತ್ತದೆ. ತಿಮ್ಮಾಪುರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಜಾಗಕ್ಕೆ ರನ್ನನಗರ ಎಂದೇ ಹೆಸರು. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವರಿಗೆ ರನ್ನ ಎಂದರೆ ಕಾರ್ಖಾನೆ. ಸಕ್ಕರೆ ಕಾರ್ಖಾನೆ ಕವಿಯ ಹೆಸರು ಇಟ್ಟುಕೊಳ್ಳಬಹುದಾದರೆ ಶಾಲೆಗೆ ಏನು ಅಡ್ಡಿ?

ಇನ್ನೊಂದು ಗಡಿಯ ಉದಾಹರಣೆ

ಕವಿಯ ಹೆಸರು ಹೊತ್ತ ಸಂಸ್ಥೆಗೆ ಆ ಹೆಸರಿನಿಂದ ಏನಾಗುತ್ತದೆ ಎಂದು ತಿಳಿಯಲು ನಮ್ಮ ಗಡಿಯಿಂದ ಇನ್ನೊಂದು ಗಡಿಗೆ, ಕಾಸರಗೋಡು ಜಿಲ್ಲೆಯ ಮಂಜೇಶ್ವರಕ್ಕೆ ಹೋಗಬೇಕು. ಅಲ್ಲಿ 1980ರಲ್ಲಿ ಆರಂಭವಾದ ಸರಕಾರಿ ಕಾಲೇಜಿಗೆ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು ಎಂದು ಹೆಸರು. ಕಾಲೇಜು ಕೇರಳ ಸರಕಾರದ್ದು, ಹೆಸರು ಕನ್ನಡ ಕವಿಯದು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡಿಗರ ನೋವು ಗಡಿಯಲ್ಲಿ ಬದುಕುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಜೇಶ್ವರ ಗೋವಿಂದ ಪೈಗಳು (1883–1963) ಆ ಊರಿನಲ್ಲೇ ಬಾಳಿ ಬರೆದವರು. 1949ರಲ್ಲಿ ಮದ್ರಾಸ್ ಸರಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಿತು, ಕನ್ನಡದ ಮೊದಲ ರಾಷ್ಟ್ರಕವಿ ಅವರೇ. ತಂದೆ ತೀರಿಕೊಂಡಿದ್ದರಿಂದ ಪದವಿ ಮುಗಿಸದೆ ಮದ್ರಾಸಿನಿಂದ ಊರಿಗೆ ಬಂದವರು. ಪದವಿ ಇಲ್ಲದವರ ಹೆಸರಿನ ಕಾಲೇಜಿನಲ್ಲಿ ಇಂದು ಮಕ್ಕಳು ಪದವಿ ಪಡೆಯುತ್ತಾರೆ. ಪಿ.ಯು.ಸಿ.ಗೇ ಓದು ನಿಲ್ಲಿಸಿ ಅಂಗಡಿ ಹಿಡಿದ ನನಗೆ ಈ ಸಂಗತಿ ಬಹಳ ಸಮಾಧಾನ ಕೊಡುತ್ತದೆ.

ನಮ್ಮ ಸಮಾಜಕ್ಕೂ ಪೈಗಳ ಋಣ ಇದೆ. ಅವರು ಜೈನರಲ್ಲ, ಗೌಡ ಸಾರಸ್ವತರು. ಆದರೂ "ಗೊಮ್ಮಟ ಜಿನಸ್ತುತಿ" ಬರೆದರು. ಯೇಸುವಿನ ಕೊನೆಯ ದಿನದ ಮೇಲೆ "ಗೊಲ್ಗೊಥಾ", ಬುದ್ಧನ ಕೊನೆಯ ದಿನದ ಮೇಲೆ "ವೈಶಾಖಿ" ಬರೆದವರೂ ಅವರೇ. ಶ್ರವಣಬೆಳಗೊಳದ ಬಾಹುಬಲಿಯ ಪ್ರತಿಷ್ಠೆ ಯಾವಾಗ ಆಯಿತೆಂದು ಪಂಚಾಂಗ, ಶಾಸನ ಎಲ್ಲ ಸೇರಿಸಿ ಲೆಕ್ಕ ಹಾಕಿದವರಲ್ಲಿ ಅವರೊಬ್ಬರು. 981ರ ಮಾರ್ಚ್ 13 ಎಂಬ ದಿನ ನಮ್ಮ ಪುಸ್ತಕಗಳಲ್ಲಿ ಬರುವುದು ಅವರ ಲೆಕ್ಕದಿಂದ.

ಇಂಥವರ ಹೆಸರು ಸರಕಾರಿ ಕಾಗದದ ಮೇಲೆ ನಿಂತಾಗ ಏನಾಗುತ್ತದೆ? ಮಲಯಾಳ ಮಾತಾಡುವ ವಿದ್ಯಾರ್ಥಿಯೂ ಅರ್ಜಿಯಲ್ಲಿ ಕನ್ನಡ ಕವಿಯ ಹೆಸರು ಬರೆಯುತ್ತಾನೆ. ಈ ನೆಲದಲ್ಲಿ ಕನ್ನಡ ಇತ್ತು, ಇದೆ ಎಂದು ಯಾರೂ ಘೋಷಣೆ ಕೂಗಬೇಕಾಗಿಲ್ಲ, ಕಾಲೇಜಿನ ಬೋರ್ಡೇ ಹೇಳುತ್ತದೆ. ರಾಜಕಾರಣಿಯ ಹೆಸರಾಗಿದ್ದರೆ ಸರಕಾರ ಬದಲಾದಾಗ ಅದಕ್ಕೂ ತಕರಾರು ಬರುತ್ತಿತ್ತು. ಕವಿಯ ಹೆಸರಿಗೆ ವಿರೋಧ ಕಡಿಮೆ. ಆ ಕಡೆಯವರಿಗೂ ಇದು ಗೊತ್ತು. ಅದೇ ಜಿಲ್ಲೆಯ ಬೆಳ್ಳಿಕೋತ್ ಎಂಬಲ್ಲಿ ಸರಕಾರಿ ಶಾಲೆಗೆ ಮಲಯಾಳದ ಮಹಾಕವಿ ಪಿ. ಕುಞಿರಾಮನ್ ನಾಯರ್ ಅವರ ಹೆಸರಿದೆ. ಒಂದೇ ಜಿಲ್ಲೆಯಲ್ಲಿ ಎರಡು ಭಾಷೆಯ ಇಬ್ಬರು ಕವಿಗಳು, ಇಬ್ಬರ ಹೆಸರಿನಲ್ಲೂ ಪಾಠ ನಡೆಯುತ್ತಿದೆ.

ಇದು ಎರಡನೇ ಕಾರಣ. ನಮ್ಮ ಸಮಾಜದವರು ನಡೆಸುವ ಶಾಲೆಗಳಲ್ಲಿ ಬೇರೆ ಸಮಾಜದ ಮಕ್ಕಳೂ ಕಲಿಯುತ್ತಾರೆ, ಕಲಿಯಬೇಕು. ಒಂದು ಮನೆತನದ ಹೆಸರು ಆ ಮನೆತನದವರಿಗೆ ಹೆಚ್ಚು ಹತ್ತಿರ, ಉಳಿದವರಿಗೆ ದೂರ. ನಮ್ಮಲ್ಲಿ ಚತುರ್ಥ, ಪಂಚಮ ಎಂಬ ಮಾತು ಸಭೆಯಲ್ಲಿ ಬರದಿದ್ದರೂ ಸಭೆ ಮುಗಿದ ಮೇಲೆ ಚಹಾದ ಹೊತ್ತಿನಲ್ಲಿ ಬರುತ್ತದೆ, ಮುಚ್ಚಿಡುವುದೇಕೆ? ರನ್ನ ಜೈನನೇ, ಆದರೆ ಗದಾಯುದ್ಧದಲ್ಲಿ ಅವನು ಹೇಳಿದ್ದು ಭೀಮ ದುರ್ಯೋಧನರ ಕಥೆ. ಅದು ಲಿಂಗಾಯತರ ಮಗುವಿಗೂ ನಮ್ಮದೇ, ಮುಸಲ್ಮಾನರ ಮಗುವಿಗೂ ಪಠ್ಯದಲ್ಲಿದ್ದದ್ದೇ.

ಸರಕಾರವೂ ಇದನ್ನು ಅರಿತಿದೆ. ವಿಜಯಪುರದಲ್ಲಿ 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಬಂತು. ವಚನ ಬರೆದ ಹೆಣ್ಣುಮಗಳ ಹೆಸರು ಹೆಣ್ಣುಮಕ್ಕಳ ವಿಶ್ವವಿದ್ಯಾಲಯಕ್ಕೆ ಒಪ್ಪುತ್ತದೆ. ಕುವೆಂಪು ಅವರ ಜನ್ಮಶತಮಾನೋತ್ಸವದ ನೆನಪಿಗೆ ರಾಜ್ಯದ ಅನೇಕ ಸರಕಾರಿ ಮಾದರಿ ಶಾಲೆಗಳಿಗೆ ಅವರ ಹೆಸರು ಸೇರಿಸಿದರು. ಅದೂ ಒಳ್ಳೆಯದೇ. ಆದರೆ ಬೆಂಗಳೂರಿನಿಂದ ಆದೇಶದಲ್ಲಿ ಬಂದ ಹೆಸರಿಗೂ ಊರಿನವರು ಕೂಡಿ ಜಗಳಾಡಿ ಆರಿಸಿದ ಹೆಸರಿಗೂ ವ್ಯತ್ಯಾಸ ಇದೆ. ಜಗಳದಲ್ಲಿ ಹತ್ತು ಮಂದಿಗಾದರೂ ಆ ಕವಿ ಯಾರೆಂದು ಗೊತ್ತಾಗುತ್ತದೆ.

ಬೋರ್ಡು ಇದೆ, ಪುಸ್ತಕ ಇಲ್ಲ

ಇನ್ನು ಕಹಿ ಮಾತು. ಕೆಲವು ವರ್ಷಗಳ ಹಿಂದೆ ಬೇರೆ ಜಿಲ್ಲೆಗೆ ವ್ಯಾಪಾರಕ್ಕೆ ಹೋದಾಗ ಒಬ್ಬ ಪ್ರಸಿದ್ಧ ಕವಿಯ ಹೆಸರಿನ ಶಾಲೆಯ ಮುಂದೆ ಗಾಡಿ ನಿಲ್ಲಿಸಿದೆ. ಊರು, ಶಾಲೆ ಯಾವುದೆಂದು ಹೇಳುವುದಿಲ್ಲ. ಒಳಗೆ ಹೋಗಿ ವಿನಂತಿ ಮಾಡಿ ಗ್ರಂಥಾಲಯ ನೋಡಿದೆ. ಎರಡು ಕಬ್ಬಿಣದ ಕಪಾಟು. ಗೈಡುಗಳಿದ್ದವು, ಸಾಮಾನ್ಯ ಜ್ಞಾನದ ಪುಸ್ತಕಗಳಿದ್ದವು, ಯಾರೋ ಕೊಟ್ಟ ಹಳೇ ಪತ್ರಿಕೆಗಳಿದ್ದವು. ಆ ಕವಿಯ ಒಂದು ಪುಸ್ತಕವೂ ಇರಲಿಲ್ಲ. ಗೋಡೆಯ ಮೇಲೆ ಫೋಟೋ ಇತ್ತು, ಫೋಟೋಕ್ಕೆ ಪ್ಲಾಸ್ಟಿಕ್ ಮಾಲೆ ಇತ್ತು. ಒಬ್ಬ ಹುಡುಗನನ್ನು ಕೇಳಿದರೆ "ಸ್ವಾತಂತ್ರ್ಯ ಹೋರಾಟಗಾರರು" ಎಂದ. ಆ ಹುಡುಗನ ತಪ್ಪಲ್ಲ ಅದು.

ರವೀಂದ್ರನಾಥ ಟಾಗೋರರ ಹೆಸರಿಗೂ ದೇಶದ ತುಂಬ ಇದೇ ಗತಿ. ಅವರು 1901ರಲ್ಲಿ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಮಕ್ಕಳನ್ನು ಕೂಡಿಸಿ ಮರದ ನೆರಳಿನಲ್ಲಿ, ಮಾತೃಭಾಷೆಯಲ್ಲಿ ಪಾಠ ಆರಂಭಿಸಿದರು. ಆ ಶಾಲೆಗೆ ತಮ್ಮ ಹೆಸರು ಇಟ್ಟುಕೊಳ್ಳಲಿಲ್ಲ. ಈಗ ಅವರ ಹೆಸರಿನ ಎಷ್ಟೋ ಶಾಲೆಗಳಲ್ಲಿ ಅಂಗಳಕ್ಕೆ ಸಿಮೆಂಟ್ ಹಾಕಿದ್ದಾರೆ, ಮಕ್ಕಳು ಕನ್ನಡ ಮಾತಾಡಿದರೆ ದಂಡ. ಇಂಥ ಹೆಸರು ನಮ್ಮ ಪೇಟೆಯಲ್ಲಿ ಒಳ್ಳೆಯ ಕಂಪನಿಯ ಚೀಲದಲ್ಲಿ ಬೇರೆ ಮಾಲು ತುಂಬಿ ಮಾರಿದ ಹಾಗೆ. ಅದಕ್ಕಿಂತ ಊರ ಹೆಸರು ಇಟ್ಟುಕೊಂಡರೆ ಪ್ರಾಮಾಣಿಕತೆಯಾದರೂ ಉಳಿಯುತ್ತದೆ.

ಹೀಗಾಗಿ ನನ್ನ ಅಭಿಪ್ರಾಯ ಇಷ್ಟೇ. ಸಾಹಿತಿಯ ಹೆಸರು ಇಡುವ ಶಾಲೆ ಬೋರ್ಡಿಗೆ ಬಣ್ಣ ಹಚ್ಚುವ ಮೊದಲು ಆ ಸಾಹಿತಿಯ ಪುಸ್ತಕ ತರಿಸಲಿ. ಪ್ರತಿ ಪುಸ್ತಕದ ಎರಡೆರಡು ಪ್ರತಿ, ಒಂದು ಗ್ರಂಥಾಲಯಕ್ಕೆ, ಒಂದು ಮಕ್ಕಳು ಮನೆಗೆ ಒಯ್ಯಲು. ಗ್ರಾನೈಟ್ ಫಲಕಕ್ಕೆ ಆಗುವ ಖರ್ಚಿನ ಮುಂದೆ ಇದು ದೊಡ್ಡ ಮಾತಲ್ಲ. ಪುಸ್ತಕ ಸಿಗದಿದ್ದರೆ, ಓದಿ ಹೇಳುವ ಗುರುಗಳು ಇಲ್ಲದಿದ್ದರೆ ಆ ಹೆಸರು ಬೇಡ.

ನಮ್ಮ ಕಡೆ ಯಾರಿದ್ದಾರೆ?

ಸಾಹಿತಿಗಳಿಗೆ ನಮ್ಮ ಭಾಗದಲ್ಲಿ ಬರಗಾಲ ಇಲ್ಲ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಬೆಟಗೇರಿ ಕೃಷ್ಣಶರ್ಮರು ಆನಂದಕಂದ ಎಂಬ ಹೆಸರಿನಲ್ಲಿ ಹಳ್ಳಿಯ ಮಾತಿನಲ್ಲೇ ಹಾಡು ಬರೆದರು, "ಜಯಂತಿ" ಪತ್ರಿಕೆ ನಡೆಸಿದರು. ಅದೇ ತಾಲೂಕಿನ ಮಲಾಮರಡಿಯವರು ಬಸವರಾಜ ಕಟ್ಟೀಮನಿ, 1919ರಲ್ಲಿ ಹುಟ್ಟಿದವರು, 1980ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಗೋಕಾಕದಲ್ಲಿ ಮಾಸ್ತರಕಿ ಮಾಡಿದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳನ್ನು ನಮ್ಮ ಮನೆಯ ಹೆಣ್ಣುಮಕ್ಕಳು ಕದ್ದು ಓದಿದ್ದಾರೆ. "ಕುಲವಧು", "ಕರುಣೆಯೇ ಕುಟುಂಬದ ಕಣ್ಣು" ಸಿನಿಮಾಗಳು ಅವರ ಕಾದಂಬರಿಗಳಿಂದ ಬಂದವು. ನಮ್ಮ ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರಿಗೆ 2010ರ ಜ್ಞಾನಪೀಠ ಬಂದದ್ದು ಎಲ್ಲರಿಗೂ ಗೊತ್ತು.

ಆದರೆ ನಮ್ಮ ಸಮಾಜದವರು ಶಾಲೆ ಕಟ್ಟುವಾಗ ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಮಿರ್ಜಿ ಅಣ್ಣಾರಾಯರದು. ಇಂದಿನ ಹುಡುಗರಿಗೆ ಈ ಹೆಸರು ಹೊಸದು ಎಂಬುದೇ ನನ್ನ ಸಂಕಟ, ಅದಕ್ಕಾಗಿ ನಾಲ್ಕು ಮಾತು ಹೆಚ್ಚು ಹೇಳುತ್ತೇನೆ.

ಅಣ್ಣಾರಾಯರು ಹುಟ್ಟಿದ್ದು 1918ರಲ್ಲಿ ಶೇಡಬಾಳದಲ್ಲಿ. ಆಗ ಅಥಣಿ ತಾಲೂಕು, ಈಗ ಕಾಗವಾಡ ತಾಲೂಕು. ಆಚಾರ್ಯ ವಿದ್ಯಾನಂದ ಮುನಿ ಮಹಾರಾಜರ ಹುಟ್ಟೂರೂ ಅದೇ. ವೃತ್ತಿಯಿಂದ ಶಾಲಾ ಶಿಕ್ಷಕರು. ಮಹಾರಾಷ್ಟ್ರ ಕೈಗೆಟಕುವಷ್ಟು ಹತ್ತಿರ ಇರುವ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ನಡೆಯುವ ಸೀಮೆ ಅದು. ಅಲ್ಲಿ ಕುಳಿತು ಅವರು ಕನ್ನಡದಲ್ಲಿ ಬರೆದರು. 1945ರ "ನಿಸರ್ಗ" ಕಾದಂಬರಿಯಲ್ಲಿ ಬರುವವರು ಅರಸರಲ್ಲ, ಸಾಹುಕಾರರಲ್ಲ, ಹೊಲ ಮನೆ ಮಾಡಿಕೊಂಡಿದ್ದ ನಮ್ಮ ಹಳ್ಳಿಯ ಜೈನ ಕುಟುಂಬದವರು, ಅವರ ಮಾತು ನಮ್ಮ ಮಾತು. ಹಳೆಗನ್ನಡದ ಪಂಪ, ಪೊನ್ನ, ರನ್ನ, ಜನ್ನರ ನಂತರ ಜೈನರ ಮನೆ ಕನ್ನಡ ಸಾಹಿತ್ಯದಲ್ಲಿ ಇಷ್ಟು ಸಹಜವಾಗಿ ಕಂಡದ್ದು ಅಪರೂಪ. ಬಸದಿಯಲ್ಲಿ ಶಾಸ್ತ್ರ ಓದುವವರಿಗೆ ಅವರ "ಜೈನಧರ್ಮ" ಎಂಬ ದೊಡ್ಡ ಗ್ರಂಥ ಗೊತ್ತು. ಸಂಸ್ಕೃತ, ಪ್ರಾಕೃತ ಬಾರದ ನಮ್ಮಂಥವರಿಗೆ ತತ್ತ್ವವನ್ನು ಕನ್ನಡದಲ್ಲಿ ಬಿಡಿಸಿ ಇಟ್ಟ ಪುಸ್ತಕ. 1975ರಲ್ಲಿ ತೀರಿಕೊಂಡರು, ಐವತ್ತೇಳು ವರ್ಷಕ್ಕೆ.

ಶಿಕ್ಷಕ, ಸಾಹಿತಿ, ಗಡಿಯ ಕನ್ನಡಿಗ, ಧರ್ಮದ ಪುಸ್ತಕ ಬರೆದವರು. ಒಬ್ಬರಲ್ಲೇ ನಾಲ್ಕೂ ಇರುವಾಗ ನಾವು ಇಂಗ್ಲೆಂಡಿನ ಯಾವುದೋ ಊರಿನ ಹೆಸರು ಶಾಲೆಗೆ ಹುಡುಕುವುದೇಕೆ? ಪಾಲಕರಿಗೆ ಇಂಗ್ಲಿಷ್ ಹೆಸರು ಬೇಕು, ಇಲ್ಲದಿದ್ದರೆ ಪ್ರವೇಶ ಆಗುವುದಿಲ್ಲ ಎನ್ನುತ್ತಾರೆ. ನಾನೂ ಅಂಗಡಿಯವನು, ಗಿರಾಕಿಯ ಮನಸ್ಸು ಬಲ್ಲೆ. ಗಿರಾಕಿ ಮೊದಲ ದಿನ ಬೋರ್ಡು ನೋಡಿ ಬರಬಹುದು, ಎರಡನೇ ಸಲ ಬರುವುದು ಮಾಲು ನೋಡಿಯೇ. ಹತ್ತನೇ ತರಗತಿಯ ಫಲಿತಾಂಶ ಚೆನ್ನಾಗಿದ್ದರೆ ಯಾರೂ ಹೆಸರಿನ ಬಗ್ಗೆ ಕೇಳುವುದಿಲ್ಲ.

ಒಂದು ಎಚ್ಚರಿಕೆ. ಪ್ರಾಥಮಿಕ ಶಾಲೆಗೆ ಹಳೆಗನ್ನಡದ ಕವಿಯ ಹೆಸರು ಇಟ್ಟರೆ ಮಕ್ಕಳು ಮೂಲ ಓದಲಾರರು. ರನ್ನ, ಪಂಪರ ಕಥೆಯನ್ನು ಗದ್ಯದಲ್ಲಿ ಹೇಳುವ ಮಕ್ಕಳ ಪುಸ್ತಕಗಳನ್ನು ಇಡಬೇಕು, ಇಲ್ಲವೇ ಆ ಹೆಸರು ಪ್ರೌಢಶಾಲೆಗೆ, ಕಾಲೇಜಿಗೆ ಇರಲಿ. ಇನ್ನೂ ಬದುಕಿರುವ ಸಾಹಿತಿಗಳ ಹೆಸರು ಇಡುವುದು ನನಗೆ ಸರಿ ಕಾಣುವುದಿಲ್ಲ. ಅವರನ್ನು ಕರೆಸಿ ಮಕ್ಕಳ ಮುಂದೆ ಮಾತಾಡಿಸಿದರೆ ಹೆಚ್ಚು ಲಾಭ.

ಸಮಿತಿಯವರು ಮಾಡಬೇಕಾದದ್ದು

ಹೆಸರು ಆರಿಸಿದ ಮೇಲೆ ಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಪಡೆಯಬೇಕು. ಸಂಸ್ಥೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಒಂದು ಮಾತು ನೆನಪಿರಲಿ: ಸಂಸ್ಥೆಯ ಹೆಸರು ಬೇರೆ, ಶಾಲೆಯ ಹೆಸರು ಬೇರೆ. ಸಂಸ್ಥೆಗೆ ತೀರ್ಥಂಕರರ ಅಥವಾ ಮುನಿಗಳ ಹೆಸರು ಇದ್ದರೂ ಅದರ ಶಾಲೆಗೆ ಸಾಹಿತಿಯ ಹೆಸರು ಇಡಲು ತೊಂದರೆ ಇಲ್ಲ. ಮಾನ್ಯತೆಯ ಅರ್ಜಿಯಲ್ಲಿ, ಬ್ಯಾಂಕ್ ಖಾತೆಯಲ್ಲಿ, ಬೋರ್ಡಿನ ಮೇಲೆ ಹೆಸರಿನ ಒಂದು ಅಕ್ಷರವೂ ಹೆಚ್ಚು ಕಡಿಮೆ ಆಗಬಾರದು. ಒಂದು ಕಡೆ "ಅಣ್ಣಾರಾಯ", ಇನ್ನೊಂದು ಕಡೆ "ಅಣ್ಣಾರಾವ್" ಎಂದಾದರೆ ಮುಂದೆ ಮಕ್ಕಳಿಗೇ ಕಿರಿಕಿರಿ.

ಸಾಹಿತಿಗಳ ಮನೆಯವರಿಗೆ ಒಂದು ಪತ್ರ ಬರೆದು ತಿಳಿಸುವುದು ಸಭ್ಯತೆ. ಅವರ ಬರಹವನ್ನು ಶಾಲೆಯ ಗೋಡೆಗೆ, ಸಂಚಿಕೆಗೆ ಅಚ್ಚು ಹಾಕುವುದಾದರೆ ಅನುಮತಿಯೂ ಬೇಕಾಗುತ್ತದೆ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ವಾರಸುದಾರರಲ್ಲಿ ಇರುತ್ತದೆ. ಗೋವಿಂದ ಪೈಗಳ ಬರಹಕ್ಕೆ ಆ ಅವಧಿ 2023ಕ್ಕೆ ಮುಗಿದಿದೆ, ಅಣ್ಣಾರಾಯರದು 2035ರ ಕೊನೆಯ ತನಕ ಇದೆ. ರನ್ನನಿಗೆ ಯಾರ ಅನುಮತಿಯೂ ಬೇಕಿಲ್ಲ.

ವರ್ಷದಲ್ಲಿ ಒಂದು ದಿನ ಆ ಸಾಹಿತಿಯ ಓದಿಗೆ ಇಡಬೇಕು. ನಮ್ಮ ಶಾಲೆಗಳಿಗೆ ಶ್ರುತಪಂಚಮಿ ಸರಿಯಾದ ದಿನ. ಜ್ಯೇಷ್ಠ ಶುದ್ಧ ಪಂಚಮಿ ಎಂದರೆ ಶಾಲೆ ಆಗಷ್ಟೇ ತೆರೆದಿರುತ್ತದೆ, ಹೊಸ ಮಕ್ಕಳು ಬಂದಿರುತ್ತಾರೆ. ಬಸದಿಯಲ್ಲಿ ಶಾಸ್ತ್ರಗಳಿಗೆ ಪೂಜೆ ಆಗುವ ದಿನವೇ ಶಾಲೆಯಲ್ಲಿ ಕಪಾಟು ತೆಗೆದು ಧೂಳು ಹೊಡೆದು, ದೊಡ್ಡ ತರಗತಿಯ ಮಕ್ಕಳು ಚಿಕ್ಕವರಿಗೆ ಒಂದೊಂದು ಪುಟ ಓದಿ ಹೇಳಬಹುದು.

ಕೊನೆಯದಾಗಿ, ಹೆಸರಿನ ನಿರ್ಧಾರ ಮೊದಲ ತಂಡದ ಪ್ರವೇಶಕ್ಕೆ ಮುಂಚೆಯೇ ಆಗಲಿ. ಆಮೇಲೆ ಬದಲಿಸಬೇಕೆಂದರೆ ಇಲಾಖೆಯ ಆದೇಶ ಬೇಕು, ಅದಕ್ಕೆ ತಿಂಗಳುಗಟ್ಟಲೆ ಓಡಾಟ, ಮತ್ತು ಅಷ್ಟರಲ್ಲಿ ಹೊರಗೆ ಹೋದ ಮಕ್ಕಳ ದಾಖಲೆಗಳಲ್ಲಿ ಹಳೆಯ ಹೆಸರೇ ಉಳಿಯುತ್ತದೆ.